ಕಮಾಂಡ್ ಲೈನ್‌ನಲ್ಲಿ ರೇಡ್ ಕಂಟ್ರೋಲರ್: ಮೊದಲು ವಿಳಾಸ, ಆಮೇಲೆ ಕಮಾಂಡ್

ಸ್ಲಾಟ್ 5ರ ಡಿಸ್ಕ್ ಕೆಟ್ಟಿದೆ ಅಂತ ಸ್ಕ್ರೀನ್ ಹೇಳಿತು. ಸರ್ವರ್ ಮುಂದೆ ಹೋಗಿ, 5 ಅಂತ ಸ್ಟಿಕ್ಕರ್ ಇದ್ದ ಡಿಸ್ಕನ್ನು ಹೊರಗೆಳೆದೆ. ಡಿಸ್ಕ್‌ಗಳನ್ನು ಜೋಡಿಸಿ ನಡೆಸುವ ಕಾರ್ಡ್, ಅಂದರೆ ರೇಡ್ ಕಂಟ್ರೋಲರ್, ಎಣಿಸುತ್ತಿದ್ದದ್ದು ಸೊನ್ನೆಯಿಂದ, ಸ್ಟಿಕ್ಕರ್ ಅಂಟಿಸಿದವರು ಎಣಿಸಿದ್ದು ಒಂದರಿಂದ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ವಾಲ್ಯೂಮ್ ಮಾಡುವ ಪದ್ಧತಿ, ಅದರಲ್ಲಿ ರೇಡ್ 5 ತಾಳುವುದು ಒಂದೇ ಡಿಸ್ಕ್‌ನ ಸಾವನ್ನು. ನಮ್ಮ ರೇಡ್ 5ರಲ್ಲಿ ಆಗಲೇ ಒಂದು ಡಿಸ್ಕ್ ಹೋಗಿತ್ತು. ನಾನು ಚೆನ್ನಾಗಿದ್ದ ಇನ್ನೊಂದನ್ನು ಕಿತ್ತಿದ್ದೆ. ವಾಲ್ಯೂಮ್ ಆಫ್‌ಲೈನ್ ಆಯಿತು. ಬ್ಯಾಕಪ್ ಇದ್ದದ್ದರಿಂದ ಮಾನ ಉಳಿಯಿತು, ರಾತ್ರಿ ನಿದ್ದೆ ಮಾತ್ರ ಹೋಯಿತು.

ಆವತ್ತಿನಿಂದ ನನ್ನದು ಒಂದೇ ಪದ್ಧತಿ. ಏನನ್ನಾದರೂ ಬದಲಿಸುವ ಕಮಾಂಡ್ ಕೊಡುವ ಮೊದಲು ಅದು ಯಾವ ವಿಳಾಸಕ್ಕೆ ಹೋಗುತ್ತಿದೆ ಅಂತ ಎರಡು ದಾರಿಯಲ್ಲಿ ಖಾತ್ರಿ ಮಾಡಿಕೊಳ್ಳುತ್ತೇನೆ. ಈ ಮಾರ್ಗದರ್ಶಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮುಖ್ಯವಾಗಿ ಇಲ್ಲಿರುವುದು ಸ್ಟೋರ್‌ಸಿಎಲ್‌ಐ ಬಗ್ಗೆ. ಇದು ಮೆಗಾರೇಡ್ ಅನ್ನುವ ರೇಡ್ ಕಂಟ್ರೋಲರ್ ಕಾರ್ಡ್‌ಗಳಿಗೆ ಕಮಾಂಡ್ ಕೊಡುವ ಉಪಕರಣ. ಆ ಕಾರ್ಡ್‌ಗಳು ಹಿಂದೆ ಎಲ್‌ಎಸ್‌ಐ ಕಂಪನಿಯವು. 2014ರಲ್ಲಿ ಎಲ್‌ಎಸ್‌ಐಯನ್ನು ಅವಾಗೋ ಕೊಂಡಿತು, 2016ರಲ್ಲಿ ಅವಾಗೋ ಬ್ರಾಡ್‌ಕಾಮ್ ಕಂಪನಿಯನ್ನು ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ ವಂಶದ ಕಾರ್ಡ್ ಮೇಲೆ ಬೇರೆ ಬೇರೆ ಹೆಸರು ಕಾಣಬಹುದು. ಡೆಲ್ ಸರ್ವರ್‌ಗಳ ಪರ್ಕ್ ಕಾರ್ಡ್‌ಗೆ ಪರ್ಕ್‌ಸಿಎಲ್‌ಐ ಅಂತ ಬೇರೆ ಉಪಕರಣ ಇದೆ. ಹೆಸರು ಬೇರೆ, ವ್ಯಾಕರಣ ಹೆಚ್ಚುಕಡಿಮೆ ಅದೇ. ಇಲ್ಲಿ ಕಲಿತದ್ದು ಅಲ್ಲೂ ನಡೆಯುತ್ತದೆ. ಹಳೇ ಮೆಗಾಸಿಎಲ್‌ಐ ಬಳಸಿದ್ದವರಿಗೆ ಅದರ ಮೈನಸ್ ಗುರುತುಗಳ ಕಾಟ ನೆನಪಿರಬೇಕು. ಸ್ಟೋರ್‌ಸಿಎಲ್‌ಐ ಬಂದದ್ದು ಅದರ ಜಾಗಕ್ಕೇ.

ಒಂದು ಸೂಚನೆ. ಕೆಳಗೆ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಉಚ್ಚಾರ ಹೇಗಿದೆಯೋ ಹಾಗೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. 'ಸಿ', 'ಇ', 'ಎಸ್', 'ವಿ', 'ಎಫ್' ಅಂತ ಬಂದಲ್ಲಿ ಆ ಒಂದೊಂದೇ ಅಕ್ಷರ. ಗೆರೆ, ಕೋಲನ್, ಸಮ ಚಿಹ್ನೆ, ಅಂಕಿ ಇದ್ದ ಹಾಗೇ ಇರಲಿ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ.

ಉಪಕರಣ ಸಿಗುತ್ತಿಲ್ಲ ಅನ್ನುವ ಮೊದಲ ತೊಡಕು

ಪ್ಯಾಕೇಜ್ ಹಾಕಿದ ಮೇಲೂ 'ಕಮಾಂಡ್ ನಾಟ್ ಫೌಂಡ್' ಅಂತ ಬಂದರೆ ಗಾಬರಿ ಬೇಡ. ಲಿನಕ್ಸ್‌ನಲ್ಲಿ ಅದು ಮಾಮೂಲಿ ಜಾಗದಲ್ಲಿ ಕೂರುವುದಿಲ್ಲ. ಇಲ್ಲಿರುತ್ತದೆ:

/ಆಪ್ಟ್/ಮೆಗಾರೇಡ್/ಸ್ಟೋರ್‌ಸಿಎಲ್‌ಐ/ಸ್ಟೋರ್‌ಸಿಎಲ್‌ಐ64

ಇದರಲ್ಲಿ 'ಮೆಗಾರೇಡ್' ಅನ್ನುವಾಗ ಎಮ್ ದೊಡ್ಡಕ್ಷರ, ಕೊನೆಯ 'ರೇಡ್' ಪೂರ್ತಿ ದೊಡ್ಡಕ್ಷರ. ಪ್ರತಿ ಸಲ ಇಷ್ಟುದ್ದ ಟೈಪ್ ಮಾಡುವುದಕ್ಕಿಂತ ಒಂದು ಏಲಿಯಸ್ (ಉದ್ದ ಕಮಾಂಡ್‌ಗೆ ಚಿಕ್ಕ ಹೆಸರು) ಮಾಡಿಕೊಳ್ಳಿ. ರೂಟ್ ಅಧಿಕಾರ ಬೇಕೇ ಬೇಕು, ಇಲ್ಲದಿದ್ದರೆ ಕಾರ್ಡ್ ಇದ್ದರೂ ಕಾಣಿಸದೆ ಇರಬಹುದು. ಇನ್ನೊಂದು ವಿಷಯ: ಇದು ಓಡಿದಾಗ ನೀವು ನಿಂತಿರುವ ಫೋಲ್ಡರ್‌ನಲ್ಲೇ ಒಂದು ಲಾಗ್ ಫೈಲ್ ಬರೆದಿಟ್ಟು ಹೋಗುತ್ತದೆ. ಅದು ಬೇಡ ಅಂದರೆ ಕಮಾಂಡ್‌ನ ಕೊನೆಗೆ 'ನೋಲಾಗ್' ಸೇರಿಸಿ. ಐದು ನಿಮಿಷಕ್ಕೊಮ್ಮೆ ಓಡುವ ಸ್ಕ್ರಿಪ್ಟ್‌ನಲ್ಲಿ ಇದನ್ನು ಮರೆತರೆ ಆ ಫೈಲ್ ಸುಮ್ನೆ ಬೆಳೆಯುತ್ತಾ ಹೋಗುತ್ತದೆ.

ವಿಳಾಸದ ವ್ಯಾಕರಣ

ಸ್ಟೋರ್‌ಸಿಎಲ್‌ಐ ವಾಕ್ಯ ಕಟ್ಟುವ ರೀತಿ ನಮ್ಮ ಕನ್ನಡದ್ದೇ. ಎಲ್ಲಿ, ಯಾವುದು ಅನ್ನೋದು ಮೊದಲು ಬರುತ್ತದೆ. ಏನು ಮಾಡಬೇಕು ಅನ್ನೋದು ಆಮೇಲೆ.

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಶೋ

ಸೊನ್ನೆಯನೇ ಕಂಟ್ರೋಲರ್‌ನ, 252ನೇ ಎನ್‌ಕ್ಲೋಶರ್‌ನ, 3ನೇ ಸ್ಲಾಟನ್ನು ತೋರಿಸು. ಅಷ್ಟೇ. 'ಸಿ' ಅಂದರೆ ಕಂಟ್ರೋಲರ್, 'ಇ' ಅಂದರೆ ಡಿಸ್ಕ್‌ಗಳು ಕೂರುವ ಎನ್‌ಕ್ಲೋಶರ್, 'ಎಸ್' ಅಂದರೆ ಸ್ಲಾಟ್. 'ವಿ' ಅಂದರೆ ವರ್ಚುವಲ್ ಡ್ರೈವ್, ಅಂದರೆ ಡಿಸ್ಕ್‌ಗಳನ್ನು ಸೇರಿಸಿ ಮಾಡಿದ ವಾಲ್ಯೂಮ್. ಆಪರೇಟಿಂಗ್ ಸಿಸ್ಟಮ್‌ಗೆ ಸಾಮಾನ್ಯವಾಗಿ ಕಾಣುವುದು ಇದೊಂದೇ. 'ಎಫ್' ಅಂದರೆ ಫಾರಿನ್, ಬೇರೆ ಕಡೆಯಿಂದ ಬಂದ ಕಾನ್ಫಿಗರೇಶನ್. ಅಂಕಿಯ ಜಾಗದಲ್ಲಿ 'ಆಲ್' ಅಂತ ಅಂಟಿಸಿದರೆ ಎಲ್ಲವೂ:

ಸ್ಟೋರ್‌ಸಿಎಲ್‌ಐ64 /ಸಿಆಲ್ ಶೋ
ಸ್ಟೋರ್‌ಸಿಎಲ್‌ಐ64 /ಸಿ0/ಇಆಲ್/ಎಸ್ಆಲ್ ಶೋ

ವಿಳಾಸದ ನಂತರ ಹೆಚ್ಚಾಗಿ ಬರುವ ಕ್ರಿಯಾಪದಗಳು ಕೆಲವೇ: ಶೋ, ಸೆಟ್, ಆಡ್, ಡೆಲ್, ಸ್ಟಾರ್ಟ್, ಸ್ಟಾಪ್. 'ಶೋ' ಎಷ್ಟು ಸಲ ಕೊಟ್ಟರೂ ಏನೂ ಕೆಡುವುದಿಲ್ಲ. ಮಿಕ್ಕವನ್ನು ಕೊಡುವಾಗ 'ಆಲ್' ಬಳಸಬೇಡಿ. ನೋಡುವುದಕ್ಕೆ ಆಲ್, ಮಾಡುವುದಕ್ಕೆ ಒಂದೇ ವಿಳಾಸ.

252 ಅನ್ನುವ ಸಂಖ್ಯೆ ಎಲ್ಲ ಕಡೆ ಅದೇ ಇರುತ್ತದೆ ಅಂದುಕೊಳ್ಳಬೇಡಿ. ಕೆಲವು ಸರ್ವರ್‌ಗಳಲ್ಲಿ ಅದು 32 ಆಗಿರಬಹುದು, ಇನ್ನೇನೋ ಆಗಿರಬಹುದು. ಇಂಟರ್‌ನೆಟ್‌ನಿಂದ ನಕಲು ಮಾಡಿದ ಕಮಾಂಡ್ ಮೊದಲು ಎಡವುವುದು ಇಲ್ಲೇ.

ಶೋ ಹೇಳುವುದನ್ನು ಓದುವುದು

ಸ್ಟೋರ್‌ಸಿಎಲ್‌ಐ64 /ಸಿ0 ಶೋ

ಇದೊಂದನ್ನು ಸರಿಯಾಗಿ ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಮೇಲೆ ಕಾರ್ಡ್‌ನ ಮಾದರಿ, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ ಬರುತ್ತದೆ. ಕೆಳಗಿನ ಎರಡು ಪಟ್ಟಿಗಳೇ ನಮಗೆ ಮುಖ್ಯ.

ವರ್ಚುವಲ್ ಡ್ರೈವ್‌ಗಳ ಪಟ್ಟಿಯಲ್ಲಿ ಸ್ಥಿತಿ ಅನ್ನುವ ಕಾಲಂ ನೋಡಿ. 'ಆಪ್ಟ್‌ಎಲ್' ಅಂದರೆ ಎಲ್ಲ ಸರಿ ಇದೆ. 'ಡಿಜಿಆರ್‌ಡಿ' ಅಂದರೆ ಡಿಗ್ರೇಡೆಡ್: ಡೇಟಾ ಸಿಗುತ್ತಿದೆ, ರಕ್ಷಣೆ ಮುಗಿದಿದೆ. 'ಪಿಡಿಜಿಡಿ' ಅಂದರೆ ಭಾಗಶಃ ಡಿಗ್ರೇಡ್ ಆಗಿದೆ, ರೇಡ್ 6ರಲ್ಲಿ ಎರಡು ಪಾರಿಟಿಯ (ಹೋದ ಡೇಟಾವನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಪೈಕಿ ಒಂದು ಹೋದಾಗ ಬರುವಂಥದ್ದು. 'ಆಫ್‌ಎಲ್‌ಎನ್' ಕಂಡರೆ ಕೀಬೋರ್ಡ್‌ನಿಂದ ಕೈ ತೆಗೆದು ಒಂದು ನಿಮಿಷ ಕೂತು ಯೋಚಿಸಿ. ಗಡಿಬಿಡಿಯಲ್ಲಿ ಕೊಟ್ಟ ಕಮಾಂಡ್‌ನಿಂದಲೇ ಇಲ್ಲಿ ಡೇಟಾ ಪೂರ್ತಿ ಹೋಗುವುದು.

ಡಿಸ್ಕ್‌ಗಳ ಪಟ್ಟಿಯ ಮೊದಲ ಕಾಲಂನಲ್ಲಿ ಎನ್‌ಕ್ಲೋಶರ್ ಮತ್ತು ಸ್ಲಾಟ್ ಕೋಲನ್ ಹಾಕಿ ಬರುತ್ತದೆ, 252:3 ಅನ್ನುವ ಹಾಗೆ. ಅದರ ಪಕ್ಕದಲ್ಲಿ ಡಿಐಡಿ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಇದು ಸ್ಲಾಟ್ ಅಲ್ಲ, ಡಿವೈಸ್‌ನ ಗುರುತು ಸಂಖ್ಯೆ. ಸ್ಲಾಟ್ 3ರ ಡಿಸ್ಕ್‌ನ ಡಿಐಡಿ 11 ಇರಬಹುದು. ಸ್ಟೋರ್‌ಸಿಎಲ್‌ಐಗೆ ಬೇಕಾದದ್ದು ಸ್ಲಾಟ್. ಮುಂದೆ ನೋಡುವ ಸ್ಮಾರ್ಟ್‌ಸಿಟಿಎಲ್‌ಗೆ ಬೇಕಾದದ್ದು ಡಿಐಡಿ. ಎರಡನ್ನೂ ಅದಲುಬದಲು ಮಾಡಿ ಚೆನ್ನಾಗಿರುವ ಡಿಸ್ಕ್‌ಗೆ ಬೈದವರನ್ನು ನೋಡಿದ್ದೇನೆ.

ಡಿಸ್ಕ್ ಸ್ಥಿತಿಗಳು: 'ಆನ್‌ಎಲ್‌ಎನ್' ಅಂದರೆ ಕೆಲಸದಲ್ಲಿದೆ. 'ಯುಗುಡ್' ಅಂದರೆ ಚೆನ್ನಾಗಿದೆ, ಯಾವ ವಾಲ್ಯೂಮ್‌ಗೂ ಸೇರಿಲ್ಲ. 'ಯುಬ್ಯಾಡ್' ಅಂದರೆ ಸೇರಿಯೂ ಇಲ್ಲ, ಕಂಟ್ರೋಲರ್‌ಗೆ ಅದರ ಮೇಲೆ ನಂಬಿಕೆಯೂ ಇಲ್ಲ. 'ಆರ್‌ಬಿಎಲ್‌ಡಿ' ಅಂದರೆ ರೀಬಿಲ್ಡ್, ಹೋದ ಡಿಸ್ಕ್‌ನ ಡೇಟಾವನ್ನು ಇದರ ಮೇಲೆ ಮತ್ತೆ ಕಟ್ಟುವ ಕೆಲಸ, ನಡೆಯುತ್ತಿದೆ. 'ಜಿಎಚ್‌ಎಸ್' ಎಲ್ಲ ಗುಂಪಿಗೂ ಮೀಸಲಾದ ಹಾಟ್ ಸ್ಪೇರ್ (ಒಂದು ಕೆಟ್ಟರೆ ಅದರ ಜಾಗಕ್ಕೆ ಬರಲು ಕಾದಿರುವ ಡಿಸ್ಕ್), 'ಡಿಎಚ್‌ಎಸ್' ಒಂದೇ ಗುಂಪಿಗೆ ಮೀಸಲಾದದ್ದು. ಡಿಜಿ ಅನ್ನುವ ಕಾಲಂನಲ್ಲಿ ಡ್ರೈವ್ ಗುಂಪಿನ ಸಂಖ್ಯೆ ಇರುತ್ತದೆ. ಅಲ್ಲಿ ಸಂಖ್ಯೆಯ ಬದಲು 'ಎಫ್' ಇದ್ದರೆ ಆ ಡಿಸ್ಕ್ ಮೇಲೆ ಹಳೇ ಕಾನ್ಫಿಗರೇಶನ್ ಕೂತಿದೆ ಅಂತ ಅರ್ಥ.

ಈಗ ವಿಳಾಸ ಖಾತ್ರಿ ಮಾಡುವ ಎರಡು ದಾರಿ. ಒಂದು, ಸೀರಿಯಲ್ ನಂಬರ್:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಶೋ ಆಲ್

ಇದರಲ್ಲಿ ಎಸ್‌ಎನ್ ಅನ್ನುವ ಸಾಲನ್ನು ಕಾಗದದ ಮೇಲೆ ಬರೆದುಕೊಳ್ಳಿ. ಡಿಸ್ಕ್ ಹೊರಬಂದ ಮೇಲೆ ಅದರ ಲೇಬಲ್‌ಗೆ ಹೋಲಿಸಿ. ಇದೇ ಉತ್ತರದಲ್ಲಿ ಮೀಡಿಯಾ ಎರರ್ ಎಣಿಕೆ, ಇತರ ಎರರ್ ಎಣಿಕೆ, ಪ್ರೆಡಿಕ್ಟಿವ್ ಫೇಲ್ಯೂರ್ (ಡಿಸ್ಕ್ ಕೆಡಬಹುದು ಅನ್ನುವ ಮುನ್ಸೂಚನೆ) ಎಣಿಕೆ ಕೂಡ ಇರುತ್ತವೆ. ಮೀಡಿಯಾ ಎರರ್ ಏರುತ್ತಿದ್ದರೆ ಡಿಸ್ಕ್ ಮೇಲೆ ಸಂಶಯ. ಇತರ ಎರರ್ ಮಾತ್ರ ಏರುತ್ತಿದ್ದರೆ ನಾನು ಮೊದಲು ಕೇಬಲ್, ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಸಿಕ್ಕಿಕೊಳ್ಳುವ ಬೋರ್ಡ್) ನೋಡುತ್ತೇನೆ.

ಎರಡನೆಯದು, ದೀಪ:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸ್ಟಾರ್ಟ್ ಲೊಕೇಟ್
ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸ್ಟಾಪ್ ಲೊಕೇಟ್

ಆ ಸ್ಲಾಟ್‌ನ ದೀಪ ಮಿನುಗುತ್ತದೆ. ಡಿಸ್ಕ್ ಪೂರ್ತಿ ಸತ್ತಿದ್ದು ದೀಪವೂ ಹತ್ತದಿದ್ದರೆ ಉಲ್ಟಾ ಉಪಾಯ ಮಾಡಿ. ಅಕ್ಕಪಕ್ಕದ ಚೆನ್ನಾಗಿರುವ ಡಿಸ್ಕ್‌ಗಳ ದೀಪ ಹತ್ತಿಸಿ, ಮಿನುಗದೆ ಉಳಿದದ್ದು ಯಾವುದು ನೋಡಿ. ನನಗೆ ಆವತ್ತು ಈ ಒಂದು ಸಾಲು ಗೊತ್ತಿದ್ದರೆ ಸಾಕಿತ್ತು.

ವಾಲ್ಯೂಮ್ ಮಾಡುವ ಮೊದಲು ಡಿಸ್ಕ್ ಹದಕ್ಕೆ ಬರಲಿ

ಹೊಸ ವಾಲ್ಯೂಮ್‌ಗೆ ಸೇರುವ ಎಲ್ಲ ಡಿಸ್ಕ್‌ಗಳೂ ಯುಗುಡ್ ಆಗಿರಬೇಕು. ಜೆಬಾಡ್ ಅಂತ ತೋರಿಸಿದರೆ ಡಿಸ್ಕ್ ನೇರವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಕಾಣುತ್ತಿದೆ, ಅದರೊಳಗೆ ಯಾರದ್ದಾದರೂ ಡೇಟಾ ಇರಬಹುದು. ವಿಚಾರಿಸಿ. ಆಮೇಲೆ:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸೆಟ್ ಗುಡ್

ಯುಬ್ಯಾಡ್‌ಗೂ ಇದೇ. ಅದರೊಳಗೆ ಪಾರ್ಟಿಶನ್ ಕಂಡರೆ ಉಪಕರಣ ತಡೆದು 'ಫೋರ್ಸ್' ಕೇಳುತ್ತದೆ. ಅದು ಕಿರಿಕಿರಿ ಅನ್ನಿಸಬಹುದು. ಆದರೆ 'ಫೋರ್ಸ್' ಸೇರಿಸುವ ಮೊದಲು ಸೀರಿಯಲ್ ನಂಬರ್ ಇನ್ನೊಮ್ಮೆ ನೋಡಿ.

ಯಾವ ರೇಡ್?

ರೇಡ್ ಅನ್ನುವ ಹೆಸರು ಬಂದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಿಂದ. ಆಗಿನ ಡಿಸ್ಕ್‌ಗಳು ಪುಟಾಣಿ. ಈಗಿನವು ಹಾಗಲ್ಲ, ಹಾಗಾಗಿ ಲೆಕ್ಕವೂ ಬದಲಾಗಿದೆ.

8 ಟಿಬಿ ಡಿಸ್ಕ್ ನಾಲ್ಕು ಇಟ್ಟು ರೇಡ್ 5 ಮಾಡಿದ್ದೀರಿ ಅನ್ನಿ. ಒಂದು ಹೋಯಿತು. ಹೊಸದನ್ನು ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಬರೆದರೂ 40,000 ಸೆಕೆಂಡ್, ಅಂದರೆ 11 ಗಂಟೆ ಬೇಕು. ಬೇರೆ ಕೆಲಸ ಏನೂ ಇಲ್ಲದಾಗಿನ ಲೆಕ್ಕ ಇದು. ಸರ್ವರ್ ಬ್ಯುಸಿ ಇದ್ದರೆ ದಿನಗಟ್ಟಲೆ ಹೋಗುತ್ತದೆ. ಅಷ್ಟು ಹೊತ್ತೂ ಉಳಿದ ಮೂರು ಡಿಸ್ಕ್‌ಗಳ 24 ಟಿಬಿಯನ್ನು ಒಂದೂ ತಪ್ಪಿಲ್ಲದೆ ಓದಬೇಕು. ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ 10ರ ಘಾತ 14 ಬಿಟ್‌ಗೆ ಒಂದು ಓದಲಾಗದ ತಪ್ಪು ಅಂತ ಬರೆದಿರುತ್ತಾರೆ. ಅದು 12.5 ಟಿಬಿ. ನಿಜದಲ್ಲಿ ಡಿಸ್ಕ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ಅದೃಷ್ಟ ನಂಬಿ ಕೂರುವುದು ಬೇಡ, ಅಲ್ವಾ?

ದೊಡ್ಡ ಡಿಸ್ಕ್‌ಗೆ ನನ್ನ ಆಯ್ಕೆ ರೇಡ್ 6 ಅಥವಾ ರೇಡ್ 10 (ಡಿಸ್ಕ್‌ಗಳ ಜೋಡಿಗಳು, ಜೋಡಿಯಲ್ಲಿ ಒಂದು ಇನ್ನೊಂದರ ನಕಲು). ರೇಡ್ 6ರಲ್ಲಿ ಎರಡು ಡಿಸ್ಕ್‌ನಷ್ಟು ಜಾಗ ಹೋಗುತ್ತದೆ, ಯಾವ ಎರಡು ಡಿಸ್ಕ್ ಸತ್ತರೂ ಬದುಕುತ್ತದೆ. ಆದರೆ ಒಂದು ಸಣ್ಣ ಬರವಣಿಗೆಗೆ ಡಿಸ್ಕ್‌ಗಳ ಮೇಲೆ ಆರು ಓದು-ಬರಹ ಆಗುತ್ತದೆ. ರೇಡ್ 5ರಲ್ಲಿ ನಾಲ್ಕು, ರೇಡ್ 10ರಲ್ಲಿ ಎರಡು. ಡೇಟಾಬೇಸ್‌ಗೆ ರೇಡ್ 10, ದಾಸ್ತಾನಿಗೆ ರೇಡ್ 6. ಸಿಸ್ಟಮ್ ಕೂರುವ ಜಾಗಕ್ಕೆ ಎರಡು ಸಣ್ಣ ಡಿಸ್ಕ್‌ಗಳ ರೇಡ್ 1 (ಒಂದರ ನಕಲು ಇನ್ನೊಂದು) ಸಾಕು.

ವಾಲ್ಯೂಮ್ ಕಟ್ಟುವುದು

ಸ್ಟೋರ್‌ಸಿಎಲ್‌ಐ64 /ಸಿ0 ಆಡ್ ವಿಡಿ ಟೈಪ್=ರೇಡ್6 ಸೈಜ್=ಆಲ್ ನೇಮ್=ಡೇಟಾ ಡ್ರೈವ್ಸ್=252:0-5 ಪಿಡಿಕ್ಯಾಶ್=ಆಫ್ ಡಬ್ಲ್ಯುಬಿ ಆರ್‌ಎ ಡೈರೆಕ್ಟ್ ಸ್ಟ್ರಿಪ್=256

ಒಂದೊಂದನ್ನೇ ಬಿಡಿಸೋಣ.

'ಡ್ರೈವ್ಸ್=252:0-5' ಅಂದರೆ ಸ್ಲಾಟ್ 0ಯಿಂದ 5ರವರೆಗೆ, ಆರು ಡಿಸ್ಕ್. ನಡುವೆ ಒಂದನ್ನು ಬಿಡಬೇಕಾದರೆ 252:0-2,4,5 ಅಂತ ಬರೆಯಬಹುದು.

'ನೇಮ್' ಕೊಡಲು ಸೋಮಾರಿತನ ಬೇಡ. ಆರು ತಿಂಗಳ ನಂತರ ಎರಡು ವಾಲ್ಯೂಮ್‌ಗಳ ಪೈಕಿ ಯಾವುದು ಯಾವುದಕ್ಕೆ ಅಂತ ಹೇಳುವುದು ಅದೇ.

'ಸ್ಟ್ರಿಪ್' ಅಂದರೆ ಒಂದು ಡಿಸ್ಕ್ ಮೇಲೆ ಎಷ್ಟು ಕೆಬಿ ಬರೆದು ಮುಂದಿನ ಡಿಸ್ಕ್‌ಗೆ ದಾಟಬೇಕು ಅನ್ನುವ ಅಳತೆ. ದೊಡ್ಡ ಫೈಲ್‌ಗಳಿಗೆ 256 ಅಥವಾ ಅದಕ್ಕಿಂತ ಜಾಸ್ತಿ, ಚಿಕ್ಕ ಚಿಕ್ಕ ಓದು-ಬರಹಕ್ಕೆ 64. ಕ್ಯಾಶ್ (ಡೇಟಾ ತಾತ್ಕಾಲಿಕವಾಗಿ ಕೂರುವ ಮೆಮೊರಿ) ಆಯ್ಕೆಗಳನ್ನು ಆಮೇಲೆ ಬದಲಿಸಬಹುದು. ಸ್ಟ್ರಿಪ್ ಅನ್ನು ಹಾಗೆ 'ಸೆಟ್' ಕೊಟ್ಟು ಬದಲಿಸಲು ಬರುವುದಿಲ್ಲ. ಆದ್ದರಿಂದ ಈಗಲೇ ಯೋಚಿಸಿ.

'ಡಬ್ಲ್ಯುಬಿ' ಅಂದರೆ ರೈಟ್ ಬ್ಯಾಕ್. ಡೇಟಾ ಕಾರ್ಡ್‌ನ ಮೆಮೊರಿಗೆ ಬಂದ ಕೂಡಲೇ 'ಬರೆದಾಯ್ತು' ಅಂತ ಹೇಳಿ, ಡಿಸ್ಕ್‌ಗೆ ನಿಧಾನಕ್ಕೆ ಇಳಿಸುತ್ತದೆ. 'ಡಬ್ಲ್ಯುಟಿ' ಅಂದರೆ ರೈಟ್ ಥ್ರೂ: ಡಿಸ್ಕ್‌ಗೆ ಇಳಿದ ಮೇಲೆಯೇ ಹೇಳುತ್ತದೆ. ರೇಡ್ 5, 6ರಲ್ಲಿ ಎರಡರ ವೇಗಕ್ಕೂ ಅಜಗಜಾಂತರ. ಡಬ್ಲ್ಯುಬಿ ಇದ್ದು ಕಾರ್ಡ್‌ನ ಬ್ಯಾಟರಿ ಕೈಕೊಟ್ಟರೆ ಕಂಟ್ರೋಲರ್ ತಾನಾಗಿಯೇ ರೈಟ್ ಥ್ರೂಗೆ ಇಳಿಯುತ್ತದೆ. 'ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಸರ್ವರ್ ತೆವಳುತ್ತಿದೆ' ಅಂತ ಯಾರಾದರೂ ಅಂದರೆ ನಾನು ಮೊದಲು ನೋಡುವುದು ಬ್ಯಾಟರಿಯನ್ನು. ಮೂರನೆಯದು 'ಎಡಬ್ಲ್ಯುಬಿ', ಬ್ಯಾಟರಿ ಇರಲಿ ಬಿಡಲಿ ಯಾವಾಗಲೂ ರೈಟ್ ಬ್ಯಾಕ್. ಕರೆಂಟ್ ಹೋದ ಕ್ಷಣ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತದೆ. ಕಳೆದುಕೊಂಡರೂ ಚಿಂತೆಯಿಲ್ಲದ ಡೇಟಾಗೆ ಮಾತ್ರ ಇದು.

'ಆರ್‌ಎ' ಮುಂದೆ ಬೇಕಾಗುವುದನ್ನು ಮೊದಲೇ ಓದಿಟ್ಟುಕೊಳ್ಳುತ್ತದೆ, 'ನೋಆರ್‌ಎ' ಓದಿಡುವುದಿಲ್ಲ. ಎಸ್‌ಎಸ್‌ಡಿಗಳಿಗೆ ನೋಆರ್‌ಎ ಸಾಕು. 'ಡೈರೆಕ್ಟ್' ಹಾಗೇ ಇರಲಿ.

'ಪಿಡಿಕ್ಯಾಶ್' ಅಂದರೆ ಡಿಸ್ಕ್‌ನ ಒಳಗಿನ ಸ್ವಂತ ಕ್ಯಾಶ್. ಕಾರ್ಡ್‌ನ ಬ್ಯಾಟರಿ ಕಾಪಾಡುವುದು ಕಾರ್ಡ್‌ನ ಮೆಮೊರಿಯನ್ನು ಮಾತ್ರ, ಇದನ್ನಲ್ಲ. ಅದಕ್ಕೇ ಆಫ್.

ರೇಡ್ 10ಕ್ಕೆ ಇನ್ನೊಂದು ಆಯ್ಕೆ ಬೇಕು:

ಸ್ಟೋರ್‌ಸಿಎಲ್‌ಐ64 /ಸಿ0 ಆಡ್ ವಿಡಿ ಟೈಪ್=ರೇಡ್10 ಡ್ರೈವ್ಸ್=252:0-7 ಪಿಡಿಪರ್‌ಅರೇ=2

ಪ್ರತಿ ಜೋಡಿಯಲ್ಲಿ ಎಷ್ಟು ಡಿಸ್ಕ್ ಅನ್ನುವುದು ಆ ಕೊನೆಯ ಸಂಖ್ಯೆ. ಎಂಟು ಡಿಸ್ಕ್, ಎರಡೆರಡರ ನಾಲ್ಕು ಜೋಡಿ.

ವಾಲ್ಯೂಮ್ ಹುಟ್ಟಿದ ಮೇಲೆ ಅದು ಸಿಸ್ಟಮ್‌ನಲ್ಲಿ ಯಾವ ಹೆಸರಿನಲ್ಲಿ ಕಾಣುತ್ತಿದೆ ಅಂತ ಊಹಿಸಬೇಡಿ. ಇದು ಹೇಳುತ್ತದೆ:

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಶೋ ಆಲ್

ಇದರಲ್ಲಿ 'ಓಎಸ್ ಡ್ರೈವ್ ನೇಮ್' ಅನ್ನುವ ಸಾಲು ನೋಡಿ. ತಪ್ಪು ಡಿಸ್ಕ್ ಫಾರ್ಮ್ಯಾಟ್ ಮಾಡುವುದೂ ವಿಳಾಸದ ತಪ್ಪೇ.

'ಸ್ಟಾರ್ಟ್ ಇನಿಟ್' ಬಗ್ಗೆ ಎಚ್ಚರ. ಖಾಲಿ ವಾಲ್ಯೂಮ್ ಮೇಲೆ ಅದು ಸರಿ. ಡೇಟಾ ಇರುವ ವಾಲ್ಯೂಮ್‌ಗೆ ಕೊಟ್ಟರೆ ಅಳಿಸಿಬಿಡುತ್ತದೆ. ಹಿಂದೆ 'ಫುಲ್' ಹಾಕದೇ ಕೊಟ್ಟರೂ ಶುರುವಿನ ಭಾಗ ಹೋಗುತ್ತದೆ. ಪಾರ್ಟಿಶನ್ ಟೇಬಲ್ ಇರುವುದು ಅಲ್ಲೇ.

ಕ್ಯಾಶ್ ಆಮೇಲೆ ಬದಲಿಸಲು, ಬ್ಯಾಟರಿ ನೋಡಲು:

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಸೆಟ್ ಡಬ್ಲ್ಯುಆರ್‌ಕ್ಯಾಶ್=ಡಬ್ಲ್ಯುಬಿ
ಸ್ಟೋರ್‌ಸಿಎಲ್‌ಐ64 /ಸಿ0/ಬಿಬಿಯು ಶೋ ಆಲ್
ಸ್ಟೋರ್‌ಸಿಎಲ್‌ಐ64 /ಸಿ0/ಸಿವಿ ಶೋ ಆಲ್

ಬಿಬಿಯು ಅಂದರೆ ಹಳೇ ಬಗೆಯ ಬ್ಯಾಟರಿ. ಸಿವಿ ಅಂದರೆ ಕ್ಯಾಶ್‌ವಾಲ್ಟ್: ಕರೆಂಟ್ ಹೋದರೆ ಸೂಪರ್ ಕೆಪಾಸಿಟರ್‌ನ ಬಲದಲ್ಲಿ ಮೆಮೊರಿಯಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ಬರೆದಿಡುತ್ತದೆ. ನಿಮ್ಮ ಕಾರ್ಡ್‌ನಲ್ಲಿ ಎರಡರಲ್ಲಿ ಒಂದು ಇರಬಹುದು, ಇನ್ನೊಂದು ಕಮಾಂಡ್ ಎರರ್ ಕೊಡುತ್ತದೆ. ಅದು ಸಹಜ.

ಹಾಟ್ ಸ್ಪೇರ್

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್6 ಆಡ್ ಹಾಟ್‌ಸ್ಪೇರ್‌ಡ್ರೈವ್
ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್6 ಆಡ್ ಹಾಟ್‌ಸ್ಪೇರ್‌ಡ್ರೈವ್ ಡಿಜಿಎಸ್=0

'ಹಾಟ್‌ಸ್ಪೇರ್‌ಡ್ರೈವ್' ಒಂದೇ ಪದ, ನಡುವೆ ಜಾಗವಿಲ್ಲ. ಮೊದಲನೆಯದು ಎಲ್ಲ ಗುಂಪಿಗೂ, ಎರಡನೆಯದು ಗುಂಪು 0ಗೆ ಮಾತ್ರ. ಸ್ಪೇರ್‌ನ ಗಾತ್ರ ಉಳಿದವಕ್ಕಿಂತ ಕಮ್ಮಿ ಇರಬಾರದು. ಇಲ್ಲದಿದ್ದರೆ ಬೇಕಾದಾಗ ಅದು ಸುಮ್ನೆ ಕೂತು ನೋಡುತ್ತದೆ.

ಡಿಸ್ಕ್ ಕೆಟ್ಟ ದಿನ

ಕಾರ್ಡ್ ಕಿರುಚುತ್ತಿದ್ದರೆ ಮೊದಲು ಬಾಯಿ ಮುಚ್ಚಿಸಿ. ತಲೆ ಓಡಬೇಕಲ್ಲ.

ಸ್ಟೋರ್‌ಸಿಎಲ್‌ಐ64 /ಸಿ0 ಸೆಟ್ ಅಲಾರ್ಮ್=ಸೈಲೆನ್ಸ್

ಆಮೇಲೆ ಶೋ ಕೊಟ್ಟು ವಾಲ್ಯೂಮ್ ಯಾವ ಸ್ಥಿತಿಯಲ್ಲಿದೆ ನೋಡಿ. ಇಲ್ಲಿಂದ ಮೂರು ದಾರಿ.

ಡಿಸ್ಕ್ ಇನ್ನೂ ಆನ್‌ಲೈನ್ ಇದ್ದು, ಪ್ರೆಡಿಕ್ಟಿವ್ ಫೇಲ್ಯೂರ್ ಎಣಿಕೆ ಮಾತ್ರ ಏರಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದನ್ನು ಕಿತ್ತುಹಾಕಬೇಡಿ. ಖಾಲಿ ಸ್ಲಾಟ್‌ನಲ್ಲಿ ಹೊಸ ಡಿಸ್ಕ್ ಇಟ್ಟು ಕಾಪಿಬ್ಯಾಕ್ ಮಾಡಿ:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸ್ಟಾರ್ಟ್ ಕಾಪಿಬ್ಯಾಕ್ ಟಾರ್ಗೆಟ್=252:7
ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಶೋ ಕಾಪಿಬ್ಯಾಕ್

ಸ್ಲಾಟ್ 3ರಿಂದ ಸ್ಲಾಟ್ 7ಕ್ಕೆ ನಕಲು ಹೋಗುತ್ತದೆ. ಅಷ್ಟು ಹೊತ್ತೂ ವಾಲ್ಯೂಮ್‌ನ ರಕ್ಷಣೆ ಪೂರ್ತಿ ಇರುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಇದ್ದೂ ಜನ ಡಿಸ್ಕ್ ಸಾಯುವವರೆಗೆ ಯಾಕೆ ಕಾಯುತ್ತಾರೋ!

ಖಾಲಿ ಸ್ಲಾಟ್ ಇಲ್ಲ, ಹಳೆಯದನ್ನು ತೆಗೆದೇ ಹಾಕಬೇಕು ಅಂದರೆ ಈ ಕ್ರಮದಲ್ಲಿ ಕೊಡಿ:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸೆಟ್ ಆಫ್‌ಲೈನ್
ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸೆಟ್ ಮಿಸ್ಸಿಂಗ್
ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸ್ಪಿನ್‌ಡೌನ್

ಮೊದಲ ಸಾಲು ಒತ್ತುವ ಮುಂಚೆ ವಾಲ್ಯೂಮ್ ಆಪ್ಟ್‌ಎಲ್ ಇದೆಯಾ ನೋಡಿ. ಆಗಲೇ ಡಿಗ್ರೇಡ್ ಆದ ರೇಡ್ 5ರಲ್ಲಿ ಚೆನ್ನಾಗಿರುವ ಡಿಸ್ಕನ್ನು ಆಫ್‌ಲೈನ್ ಮಾಡಿದರೆ ನನ್ನ ಕಥೆಯೇ ನಿಮ್ಮದೂ. ಡಿಸ್ಕ್ ತಾನಾಗಿಯೇ ಸತ್ತಿದ್ದರೆ ಈ ಮೂರೂ ಬೇಡ, ಎರಡನೇ ದಾರಿ ಅದು. ಎರಡೂ ಕಡೆ ಮುಂದಿನದು ಒಂದೇ: ದೀಪ ಹತ್ತಿಸಿ, ಸೀರಿಯಲ್ ಬರೆದುಕೊಂಡು, ಡಿಸ್ಕನ್ನು ಸ್ವಲ್ಪ ಹೊರಗೆಳೆದು ಅರ್ಧ ನಿಮಿಷ ಬಿಡಿ. ತಟ್ಟೆಗಳು ತಿರುಗುವುದು ನಿಲ್ಲಲಿ. ಆಮೇಲೆ ಪೂರ್ತಿ ತೆಗೆದು ಹೊಸದನ್ನು ಹಾಕಿ.

ಆಟೋ ರೀಬಿಲ್ಡ್ ಆನ್ ಇದ್ದರೆ ಕೆಲಸ ತಾನಾಗಿಯೇ ಶುರುವಾಗುತ್ತದೆ:

ಸ್ಟೋರ್‌ಸಿಎಲ್‌ಐ64 /ಸಿ0/ಇಆಲ್/ಎಸ್ಆಲ್ ಶೋ ರೀಬಿಲ್ಡ್

ಶುರುವಾಗದೆ ಯುಗುಡ್ ಅಂತಲೇ ಕೂತಿದ್ದರೆ ಸುಲಭದ ದಾರಿ, ಅದನ್ನು ಆ ಗುಂಪಿಗೆ ಹಾಟ್ ಸ್ಪೇರ್ ಮಾಡುವುದು. ಕಂಟ್ರೋಲರ್ ಕೂಡಲೇ ಅದನ್ನು ಎತ್ತಿಕೊಳ್ಳುತ್ತದೆ. ಹೊಸ ಡಿಸ್ಕ್ ಮುಂದೆ 'ಎಫ್' ಕಂಡರೆ ಅದು ನಿಜಕ್ಕೂ ಹೊಸದಲ್ಲ, ಬೇರೆ ಎಲ್ಲೋ ದುಡಿದು ಬಂದದ್ದು. ಆ ಹಳೇ ಗುರುತನ್ನು ಅಳಿಸಬೇಕು:

ಸ್ಟೋರ್‌ಸಿಎಲ್‌ಐ64 /ಸಿ0/ಎಫ್ಆಲ್ ಶೋ
ಸ್ಟೋರ್‌ಸಿಎಲ್‌ಐ64 /ಸಿ0/ಎಫ್ಆಲ್ ಡೆಲ್

'ಆಲ್' ಜೊತೆ 'ಡೆಲ್' ಬಂದದ್ದು ಗಮನಿಸಿದಿರಾ? ನನ್ನ ನಿಯಮವನ್ನು ನಾನೇ ಮುರಿದ ಹಾಗೆ ಆಯಿತು. ಅದಕ್ಕೇ ಮೊದಲ ಸಾಲಿನ ಉತ್ತರದಲ್ಲಿ ಆ ಒಂದು ಡಿಸ್ಕ್ ಬಿಟ್ಟು ಬೇರೆ ಯಾವುದೂ ಇಲ್ಲ ಅಂತ ನೋಡಿಯೇ ಎರಡನೆಯದನ್ನು ಕೊಡಿ.

ರೀಬಿಲ್ಡ್‌ಗೆ ಎಷ್ಟು ಪಾಲು ಶಕ್ತಿ ಅನ್ನುವುದನ್ನು ಬದಲಿಸಬಹುದು. ಡೀಫಾಲ್ಟ್ 30. ರಾತ್ರಿ ಸರ್ವರ್ ಬಿಡುವಾಗಿದ್ದಾಗ 60ಕ್ಕೆ ಏರಿಸಿ, ಬೆಳಗ್ಗೆ ಇಳಿಸುತ್ತೇನೆ.

ಸ್ಟೋರ್‌ಸಿಎಲ್‌ಐ64 /ಸಿ0 ಸೆಟ್ ರೀಬಿಲ್ಡ್‌ರೇಟ್=60

ಮೂರನೇ ದಾರಿ ಕಷ್ಟದ್ದು. ಒಂದೇ ಸಲಕ್ಕೆ ಮೂರು ನಾಲ್ಕು ಡಿಸ್ಕ್ ಮಾಯ, ವಾಲ್ಯೂಮ್ ಆಫ್‌ಲೈನ್. ನಾಲ್ಕು ಡಿಸ್ಕ್ ಒಂದೇ ಕ್ಷಣ ಸಾಯುವುದು ಅಪರೂಪ. ಸಡಿಲ ಕೇಬಲ್, ಬ್ಯಾಕ್‌ಪ್ಲೇನ್, ಎನ್‌ಕ್ಲೋಶರ್‌ನ ಪವರ್, ಇವನ್ನು ಮೊದಲು ನೋಡಿ. ಸಂಪರ್ಕ ಸರಿಯಾದ ಮೇಲೆ ಡಿಸ್ಕ್‌ಗಳು 'ಎಫ್' ಗುರುತು ಹೊತ್ತು ಬರಬಹುದು. ಈ ಸಲ ಆ ಗುರುತಿನಲ್ಲಿ ಇರುವುದು ನಿಮ್ಮದೇ ವಾಲ್ಯೂಮ್‌ನ ನಕ್ಷೆ. ಡೆಲ್ ಕೊಟ್ಟಿರೋ, ಮುಗಿಯಿತು. ಕೊಡಬೇಕಾದದ್ದು:

ಸ್ಟೋರ್‌ಸಿಎಲ್‌ಐ64 /ಸಿ0/ಎಫ್ಆಲ್ ಇಂಪೋರ್ಟ್ ಪ್ರಿವ್ಯೂ
ಸ್ಟೋರ್‌ಸಿಎಲ್‌ಐ64 /ಸಿ0/ಎಫ್ಆಲ್ ಇಂಪೋರ್ಟ್

ಪ್ರಿವ್ಯೂ ಏನನ್ನೂ ಮುಟ್ಟುವುದಿಲ್ಲ. ಇಂಪೋರ್ಟ್ ಮಾಡಿದರೆ ವಾಲ್ಯೂಮ್ ಹೇಗೆ ಬರುತ್ತದೆ ಅಂತ ತೋರಿಸುತ್ತದೆ. ಎಲ್ಲ ಡಿಸ್ಕ್‌ಗಳೂ ಅದರಲ್ಲಿ ಕಂಡ ಮೇಲೆಯೇ ಎರಡನೆಯದು. ಇದೇ ಸಮಯದಲ್ಲಿ 'ಪ್ರಿಸರ್ವ್ಡ್ ಕ್ಯಾಶ್ ಇದೆ' ಅಂತ ಕಾರ್ಡ್ ಹೇಳಬಹುದು. ಡಿಸ್ಕ್‌ಗೆ ಇಳಿಯದೆ ಉಳಿದ ಡೇಟಾ ಅದು. ವಾಲ್ಯೂಮ್ ಮರಳಿ ಬಂದರೆ ತಾನಾಗಿಯೇ ಇಳಿಯುತ್ತದೆ. ಅದನ್ನು ಅಳಿಸುವ ಕಮಾಂಡ್ ಇದೆ, ಬೇಕೆಂದೇ ಇಲ್ಲಿ ಬರೆದಿಲ್ಲ.

ದಿನನಿತ್ಯದ ಕಾವಲು

ಪ್ಯಾಟ್ರೋಲ್ ರೀಡ್ ಡಿಸ್ಕ್‌ಗಳನ್ನು ಹಿನ್ನೆಲೆಯಲ್ಲಿ ಓದಿ ಕೆಟ್ಟ ಜಾಗ ಹುಡುಕುತ್ತದೆ. ಕನ್ಸಿಸ್ಟೆನ್ಸಿ ಚೆಕ್ ಪಾರಿಟಿ ಡೇಟಾಗೆ ಹೊಂದುತ್ತಿದೆಯಾ ಅಂತ ನೋಡುತ್ತದೆ. ಎರಡೂ ಚಾಲೂ ಇವೆಯಾ ನೋಡಿ:

ಸ್ಟೋರ್‌ಸಿಎಲ್‌ಐ64 /ಸಿ0 ಶೋ ಪ್ಯಾಟ್ರೋಲ್‌ರೀಡ್
ಸ್ಟೋರ್‌ಸಿಎಲ್‌ಐ64 /ಸಿ0 ಶೋ ಸಿಸಿ

ಡಿಸ್ಕ್‌ನ ಒಳಮಾತು (ಅದರ ಆರೋಗ್ಯದ ವಿವರ) ಕೇಳಲು ಸ್ಮಾರ್ಟ್‌ಸಿಟಿಎಲ್. ವಿಳಾಸ ಇಲ್ಲಿ ಬೇರೆ ಥರ:

ಸ್ಮಾರ್ಟ್‌ಸಿಟಿಎಲ್ -ಎ -ಡಿ ಮೆಗಾರೇಡ್,11 /ಡೆವ್/ಎಸ್‌ಡಿಎ

ಆ 11 ಸ್ಲಾಟ್ ಅಲ್ಲ, ಡಿಐಡಿ. ಉತ್ತರದಲ್ಲಿ ಬಂದ ಸೀರಿಯಲ್ ನಂಬರನ್ನು ನಿಮ್ಮ ಕಾಗದಕ್ಕೆ ಹೋಲಿಸಿದರೆ ಸಂಶಯವೇ ಉಳಿಯುವುದಿಲ್ಲ.

ಸ್ಕ್ರಿಪ್ಟ್ ಬರೆಯುವವರು ಕಮಾಂಡ್‌ನ ಕೊನೆಗೆ ಒಂಟಿ 'ಜೆ' ಅಕ್ಷರ ಸೇರಿಸಿ, ಉತ್ತರ ಜೇಸನ್ ರೂಪದಲ್ಲಿ ಬರುತ್ತದೆ. ಆಪ್ಟ್‌ಎಲ್ ಅಲ್ಲದ ವಾಲ್ಯೂಮ್, ಆನ್‌ಎಲ್‌ಎನ್ ಅಲ್ಲದ ಡಿಸ್ಕ್, ಏರಿದ ಪ್ರೆಡಿಕ್ಟಿವ್ ಎಣಿಕೆ, ಬ್ಯಾಟರಿ. ಈ ನಾಲ್ಕನ್ನು ನೋಡಿ ಮೇಲ್ ಕಳಿಸಿದರೆ ಸಾಕು. ಕಾನ್ಫಿಗರೇಶನ್‌ನ ಪ್ರತಿಯನ್ನೂ ತೆಗೆದು ಬೇರೆ ಯಂತ್ರದಲ್ಲಿ ಇಡಿ:

ಸ್ಟೋರ್‌ಸಿಎಲ್‌ಐ64 /ಸಿ0 ಗೆಟ್ ಕಾನ್ಫಿಗ್ ಫೈಲ್=ಹೆಸರು

ಬೇರೆ ಕಂಪನಿಯ ಕಾರ್ಡ್ ಇದ್ದರೆ

ಎಚ್‌ಪಿಇ ಸ್ಮಾರ್ಟ್ ಅರೇಗೆ ಎಸ್‌ಎಸ್‌ಎಸಿಎಲ್‌ಐ. ಇಲ್ಲಿ ಡಿಸ್ಕ್ ವಿಳಾಸದಲ್ಲಿ ಮೂರು ಭಾಗ: ಪೋರ್ಟ್, ಬಾಕ್ಸ್, ಬೇ.

ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಆಲ್ ಶೋ ಕಾನ್ಫಿಗ್
ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಸ್ಲಾಟ್=0 ಪಿಡಿ 1ಐ:1:3 ಮಾಡಿಫೈ ಎಲ್‌ಇಡಿ=ಆನ್
ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಸ್ಲಾಟ್=0 ಕ್ರಿಯೇಟ್ ಟೈಪ್=ಎಲ್‌ಡಿ ಡ್ರೈವ್ಸ್=1ಐ:1:1,1ಐ:1:2 ರೇಡ್=1

ಇಲ್ಲಿ 'ಸ್ಲಾಟ್' ಅಂದರೆ ಡಿಸ್ಕ್‌ನ ಜಾಗ ಅಲ್ಲ, ಕಂಟ್ರೋಲರ್ ಕಾರ್ಡ್ ಕೂತಿರುವ ಜಾಗ. ಸ್ಟೋರ್‌ಸಿಎಲ್‌ಐಯಿಂದ ಬಂದವರು ಇಲ್ಲಿ ಎಡವುತ್ತಾರೆ. ರೇಡ್ 10 ಬೇಕಿದ್ದರೆ 1+0 ಅಂತ ಬರೆಯಬೇಕು.

ಅಡಾಪ್ಟೆಕ್ ಕಾರ್ಡ್‌ಗೆ ಆರ್ಕ್‌ಕಾನ್ಫ್. ಇಲ್ಲಿ ಕ್ರಿಯಾಪದ ಮೊದಲು, ವಿಳಾಸ ಆಮೇಲೆ:

ಆರ್ಕ್‌ಕಾನ್ಫ್ ಗೆಟ್‌ಕಾನ್ಫಿಗ್ 1
ಆರ್ಕ್‌ಕಾನ್ಫ್ ಐಡೆಂಟಿಫೈ 1 ಡಿವೈಸ್ 0 3

ಎರಡನೇ ಸಾಲಿನ ಕೊನೆಯ ಎರಡು ಅಂಕಿ ಚಾನೆಲ್ ಮತ್ತು ಡಿವೈಸ್‌ನವು, ಅವುಗಳ ಎಣಿಕೆ ಸೊನ್ನೆಯಿಂದ. ಅದೇ ಸಾಲಿನ ಮೊದಲ ಅಂಕಿ ಕಂಟ್ರೋಲರ್‌ನದು, ಅದರ ಎಣಿಕೆ ಒಂದರಿಂದ.